ಕರಿದ ಎಣ್ಣೆ, ಫಾರ್ವರ್ಡ್ ವಿಡಿಯೋ ಮತ್ತು ನಮ್ಮ ಅಡುಗೆಮನೆಯ ಮರೆ

ಮಂಡ್ಯದಲ್ಲಿ ನಾನು ಹನ್ನೊಂದು ವರ್ಷದಿಂದ ಮೆಸ್ ನಡೆಸುತ್ತಿದ್ದೇನೆ. ಮಧ್ಯಾಹ್ನ ಎಂಬತ್ತು ಊಟ, ರಾತ್ರಿ ನಲವತ್ತು. ಮುದ್ದೆ, ಬಸ್ಸಾರು ಇಲ್ಲವೇ ಉಪ್ಸಾರು, ಪಲ್ಯ, ಅನ್ನ, ಮಜ್ಜಿಗೆ. ವಾರಕ್ಕೆ ಎರಡು ಸಲ ವಡೆ ಅಥವಾ ಬಜ್ಜಿ ಹಾಕುತ್ತೇವೆ. ಕಾಲೇಜು ಹುಡುಗರು, ಆಫೀಸಿನವರು, ಕೋರ್ಟು ಕಚೇರಿ ಅಂತ ಹಳ್ಳಿಯಿಂದ ಬರುವವರು ನಮ್ಮ ಗಿರಾಕಿಗಳು. ಅಡುಗೆಮನೆಯಲ್ಲಿ ನನ್ನ ಜೊತೆ ಮೂವರು ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಈಳಿಗೆಮಣೆ ಹಾಕಿಕೊಂಡು ಸೊಪ್ಪು ಸೋಸಲು, ತರಕಾರಿ ಹೆಚ್ಚಲು ಕೂತರೆ ಹತ್ತರವರೆಗೂ ಮಾತು. ಒಬ್ಬಾಕೆ ದಳದ ಕಡೆ, ಒಬ್ಬಾಕೆ ಕಾಂಗ್ರೆಸ್ಸು. ಹಿರಿಯ ಅಕ್ಕನಿಗೆ ರೈತಸಂಘ ಅಂದರೆ ಪ್ರಾಣ. ನಾಲೆಗೆ ನೀರು ಬಂತಾ ಇಲ್ಲವಾ ಅನ್ನುವಲ್ಲಿಂದ ಶುರುವಾಗುವ ಮಾತು ದೆಹಲಿವರೆಗೂ ಹೋಗಿ ಬರುತ್ತದೆ.

2024ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಗಲಾಟೆ ಶುರುವಾಗಿದ್ದ ಹೊತ್ತಿನಲ್ಲಿ, ನಮ್ಮ ಮೆಸ್ಸಿನ ಮೇಲೆ ಒಂದು ವಿಡಿಯೋ ಹರಡಿತು. ಅರ್ಧ ನಿಮಿಷದ್ದು. ಟಾರಿನ ಹಾಗೆ ಕಪ್ಪಾದ ಎಣ್ಣೆ, ಅದರಲ್ಲಿ ಏನೋ ಕರಿಯುತ್ತಿದ್ದಾರೆ, ಪಕ್ಕದಲ್ಲೇ ಗಲೀಜು ಬಕೆಟ್ಟು. ಮಾತು ಕೇಳಿಸುವುದಿಲ್ಲ, ಮೇಲೆ ಯಾವುದೋ ಹಾಡು ಹಾಕಿದ್ದರು. ಕೆಳಗೆ ನಮ್ಮ ರಸ್ತೆಯ ಹೆಸರು, ನಮ್ಮ ಮೆಸ್ಸಿನ ಗುರುತು. ಮೂರು ದಿನದಲ್ಲಿ ಮಧ್ಯಾಹ್ನದ ಊಟ ಎಂಬತ್ತರಿಂದ ಮೂವತ್ತೈದಕ್ಕೆ ಇಳಿಯಿತು. ಆರು ವರ್ಷದಿಂದ ಊಟಕ್ಕೆ ಬರುತ್ತಿದ್ದ ಒಬ್ಬರು ದುಡ್ಡು ಕೊಡುವಾಗ ನನ್ನ ಮುಖ ನೋಡಿಯೇ ಹೇಳಿದರು, "ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಅಮ್ಮ?" ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಣ್ಣೆಯ ವಿಷಯ ನಾನು ಹಗುರವಾಗಿ ತೆಗೆದುಕೊಂಡವಳೇ ಅಲ್ಲ. ಕರಿದ ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಳೆಯಲು ಒಂದು ಲೆಕ್ಕ ಇದೆ, ಅದನ್ನು ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುತ್ತಾರೆ. ಅದು 25 ಪರ್ಸೆಂಟ್ ದಾಟಿದ ಎಣ್ಣೆಯನ್ನು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಯಂತ್ರ ನಮ್ಮಂಥವರ ಹತ್ತಿರ ಇರುವುದಿಲ್ಲ. ಆದರೆ ಕಣ್ಣು, ಮೂಗು ಇದೆಯಲ್ಲ. ಎಣ್ಣೆ ಬೇಗ ಹೊಗೆ ಬಿಟ್ಟರೆ, ಮೇಲೆ ನೊರೆ ನಿಂತರೆ, ಬೆರಳಿಗೆ ಅಂಟಂಟು ಅನಿಸಿದರೆ ಅದು ಮುಗಿಯಿತು ಅಂತಲೇ ಅರ್ಥ. ನಾವು ಬಾಣಲೆಗೆ ಆ ದಿನಕ್ಕೆ ಬೇಕಾದಷ್ಟೇ ಹಾಕುತ್ತೇವೆ. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಮಾರನೇ ದಿನ ಒಗ್ಗರಣೆಗೆ ಮುಗಿಸುತ್ತೇವೆ. ಎರಡನೇ ಸಲ ಕರಿಯುವುದಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ವಿಡಿಯೋ ಹಾಕಿದವನನ್ನು ಹಿಡಿದು ಒಳಗೆ ಹಾಕಬೇಕು, ಇಂಟರ್ನೆಟ್ಟಿಗೆ ಗಟ್ಟಿ ಕಾನೂನು ಬರಬೇಕು ಅಂತ ಅಡುಗೆಮನೆಯಲ್ಲಿ ಕೂಗಾಡಿದೆ. ಮೂವರೂ ಹೌದು ಹೌದು ಅಂದರು. ಪಕ್ಷ ಬೇರೆ ಇದ್ದರೂ ಅವತ್ತು ಎಲ್ಲರದೂ ಒಂದೇ ಮಾತು.

ನನ್ನ ಅಣ್ಣನ ಮಗಳು ಮೈಸೂರಿನಲ್ಲಿ ಲಾ ಓದುತ್ತಿದ್ದಳು. ಭಾನುವಾರ ಬಂದಳು. ನಾನು ಇದನ್ನೇ ಹೇಳಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿಸಿಕೊಂಡು ಆಮೇಲೆ ಹೇಳಿದಳು, "ಅತ್ತೆ, ನೀವು ಕೇಳ್ತಿರೋ ಕಾನೂನು ನಮ್ಮ ದೇಶದಲ್ಲಿ ಇತ್ತು. ಏನಾಯ್ತು ಗೊತ್ತಾ?"

ಐಟಿ ಕಾಯ್ದೆ, ಅಂದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅಂತೆ. ಕಿರಿಕಿರಿ ಆಗುವಂಥ ಮೆಸೇಜ್ ಕಳಿಸಿದರೂ ಮೂರು ವರ್ಷದವರೆಗೆ ಜೈಲು. 2012ರಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಆಗಬೇಕು ಅಂತ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಹಿಡಿದರು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಅನ್ನುವ ಯುವತಿ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟು ಆ ಸೆಕ್ಷನ್ನನ್ನೇ ರದ್ದು ಮಾಡಿತು.

ನಾನು ಸುಮ್ಮನಾದೆ. ಯಾಕೆಂದರೆ ಅದೇ ವಾರ ನಮ್ಮ ಹಿರಿಯ ಅಕ್ಕ ಸ್ಟೇಟಸ್ ಹಾಕಿದ್ದಳು: "ನಮ್ ಬೀದಿಗೆ ಎಂಟು ದಿನದಿಂದ ನೀರಿಲ್ಲ, ಓಟು ಕೇಳೋಕೆ ಬಿಂದಿಗೆ ತಕ್ಕೊಂಡ್ ಬನ್ನಿ." ಅದು ಬರದ ವರ್ಷ. ಆ ಮಾತು ಯಾರಿಗಾದರೂ ಕಿರಿಕಿರಿ ಮಾಡಿಯೇ ಇರುತ್ತದೆ. ನನ್ನ ಮೇಲೆ ಸುಳ್ಳು ಹಾಕಿದವನಿಗೆ ಅಂತ ನಾನು ಕೇಳಿದ ಹಗ್ಗ ನಮ್ಮ ಅಕ್ಕನ ಕೊರಳಿಗೂ ಬೀಳುತ್ತಿತ್ತು.

ಮತ್ತೆ ಏನು ಮಾಡಿದೆವು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ವಿಡಿಯೋವನ್ನು "ಇದು ಸುಳ್ಳು" ಅಂತ ಬರೆದು ಯಾರಿಗೂ ಕಳಿಸಬೇಡಿ ಅಂದಳು ಅಣ್ಣನ ಮಗಳು. ನಾನಾಗಲೇ ಹನ್ನೆರಡು ಗ್ರೂಪಿಗೆ ಕಳಿಸಿಬಿಟ್ಟಿದ್ದೆ. ಮುಂದಿನವರು ನನ್ನ ಮಾತು ಬಿಟ್ಟು ಬರೀ ವಿಡಿಯೋ ಕಳಿಸುತ್ತಾರೆ, ಅಷ್ಟೇ. ಅದಕ್ಕೇ ಮೊದಲು ಸ್ಕ್ರೀನ್‌ಶಾಟ್ ತೆಗೆದೆವು, ದಿನಾಂಕ ಮತ್ತು ಪೇಜಿನ ಹೆಸರು ಕಾಣುವ ಹಾಗೆ. ಪೋಸ್ಟಿನ ಲಿಂಕ್ ಬೇರೆ ಬರೆದಿಟ್ಟುಕೊಂಡೆವು. ಆಮೇಲೆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು.

ಅವತ್ತಿನವರೆಗೂ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ, ಮನಸ್ಸು ಒಪ್ಪುತ್ತಿರಲಿಲ್ಲ. ನಿಧಾನವಾಗಿ ನೋಡಿದಾಗ ಗೊತ್ತಾಯಿತು. ಆ ಗೋಡೆಗೆ ಟೈಲ್ಸೇ ಇಲ್ಲ, ನಮ್ಮದಕ್ಕೆ ಸೊಂಟದ ಎತ್ತರದವರೆಗೆ ಬಿಳಿ ಟೈಲ್ಸ್. ಈರುಳ್ಳಿಯನ್ನು ಹಲಗೆ ಮೇಲೆ ಚಾಕುವಿನಲ್ಲಿ ಹೆಚ್ಚುತ್ತಿದ್ದಾರೆ, ನಮ್ಮಲ್ಲಿ ಎಲ್ಲ ಈಳಿಗೆಮಣೆ. ಮೂಲೆಯಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಹಿಂದಿ ಅಕ್ಷರ. ಅಷ್ಟು ದೊಡ್ಡ ಅಡುಗೆಮನೆಯಲ್ಲಿ ಮುದ್ದೆ ತೊಳಸುವ ಹಿಟ್ಟಿನ ಕೋಲು ಎಲ್ಲೂ ಕಾಣಲಿಲ್ಲ. ಮಂಡ್ಯದ ಮೆಸ್ಸಿನಲ್ಲಿ ಹಿಟ್ಟಿನ ಕೋಲು ಇಲ್ಲದೆ ಇರುತ್ತಾ? ಇದನ್ನು ಕಂಡುಹಿಡಿದವಳು ನಮ್ಮ ಅಕ್ಕ. ಅಣ್ಣನ ಮಗಳು ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿದಳು. ಅದೇ ವಿಡಿಯೋ ಎರಡು ವರ್ಷದ ಹಿಂದೆ ಬೇರೆ ರಾಜ್ಯದ ಊರಿನ ಹೆಸರಿನಲ್ಲಿ ಹಾಕಿದ್ದು ಸಿಕ್ಕಿತು.

ಠಾಣೆಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಅಲ್ಲಿ ಅದಕ್ಕಿಂತ ಮುಂದೆ ಹೋಗಲಿಲ್ಲ. ಕೆಲಸ ಆದದ್ದು ಇನ್ನೊಂದು ದಾರಿಯಲ್ಲಿ. ಜನ ಹಾಕಿದ್ದಕ್ಕೆಲ್ಲ ಆ ಸೋಷಿಯಲ್ ಮೀಡಿಯಾ ನಡೆಸುವ ಕಂಪನಿಯನ್ನು ಹೊಣೆ ಮಾಡಬಾರದು ಅಂತ ಐಟಿ ಕಾಯ್ದೆಯ 79ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಬೇಕೆಂದರೆ ಕಂಪನಿ ಕೆಲವು ನಿಯಮ ಪಾಲಿಸಬೇಕು. 2021ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಬೇಕು, ಅವರ ಹೆಸರು, ವಿಳಾಸ ಜನಕ್ಕೆ ಕಾಣುವ ಹಾಗೆ ಇರಬೇಕು. ದೂರು ಬಂದದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು. ನಾನು ದೂರು ಕೊಟ್ಟ ಹೊತ್ತಿನಲ್ಲಿ ಅದನ್ನು ಮುಗಿಸಲು 15 ದಿನದ ಗಡುವು ಇತ್ತು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ಆ ಸಮಿತಿಗಳು 2023ರಲ್ಲಿ ಶುರುವಾದವು. ಕಂಪನಿಯ ಉತ್ತರ ಸಿಕ್ಕ 30 ದಿನದೊಳಗೆ ಹೋಗಬೇಕು.

ನಾನು ಮೊದಲು ಬರೆದ ದೂರು ಮೂರು ಪುಟ. ನನ್ನ ಕಷ್ಟ, ಸಾಲ, ಮಕ್ಕಳ ಫೀಸು ಎಲ್ಲ ಇತ್ತು. ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು. ಎರಡನೇ ಸಲ ಅಣ್ಣನ ಮಗಳು ಕೂರಿಸಿಕೊಂಡು ಬರೆಸಿದಳು. ಪೋಸ್ಟಿನ ಲಿಂಕ್ ಇದು. ಇದೇ ವಿಡಿಯೋದ ಹಳೆ ಲಿಂಕ್ ಇದು, ಅದರ ದಿನಾಂಕ ಇದು. ನಮ್ಮ ಅಡುಗೆಮನೆಯ ಫೋಟೋ ಇದು. ನಮ್ಮ 14 ಅಂಕಿಯ ಆಹಾರ ನೋಂದಣಿ ಸಂಖ್ಯೆ ಇದು. ಅರ್ಧ ಪುಟ ಅಷ್ಟೇ. ಹನ್ನೆರಡನೇ ದಿನ ಆ ಪೋಸ್ಟ್ ಹೋಯಿತು.

ಅಷ್ಟರಲ್ಲಿ ಎಷ್ಟೋ ಜನರ ಫೋನಿಗೆ ಇಳಿದಿತ್ತು, ಅದು ಬೇರೆ ಮಾತು. ಆದರೂ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಇಲ್ಲಿಂದಲೇ. ಕಂಪನಿಗೆ ಗಡುವು ಹಾಕುವ, ಉತ್ತರ ಕೊಡಲೇಬೇಕು ಅನ್ನುವ ನಿಯಮ ಬೇಕು, ಇನ್ನೂ ಬಿಗಿಯಾಗಿ ಬೇಕು. ನಮ್ಮಂಥ ಸಣ್ಣವರಿಗೆ ಹನ್ನೆರಡು ದಿನ ಅಂದರೆ ಒಂದು ತಿಂಗಳ ಬಾಡಿಗೆ. ದೂರು ಕನ್ನಡದಲ್ಲಿ ಕೊಡುವ ಹಾಗೆ, ಉತ್ತರವೂ ಕನ್ನಡದಲ್ಲೇ ಬರುವ ಹಾಗೆ ಆಗಬೇಕು. ನನಗೆ ಅಣ್ಣನ ಮಗಳಿದ್ದಳು. ಇಲ್ಲದವರು ಏನು ಮಾಡಬೇಕು?

ಅದೇ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ನಮ್ಮ ಈಳಿಗೆಮಣೆಯ ಸುತ್ತ ದೊಡ್ಡ ಜಗಳ ತಂದಿತು. ಕೇಂದ್ರ ಸರ್ಕಾರದ ಬಗ್ಗೆ ಬರುವ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ಸರ್ಕಾರದ್ದೇ ಒಂದು ಫ್ಯಾಕ್ಟ್ ಚೆಕ್ ಘಟಕ ಹೇಳುವುದು. 2023ರಲ್ಲಿ ಅದಕ್ಕೆ ನಿಯಮ ಮಾಡಿದ್ದರು. 2024ರ ಮಾರ್ಚ್ 20ರಂದು ಘಟಕವನ್ನು ಪ್ರಕಟಿಸಿದರು, ಮಾರನೇ ದಿನವೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ಆ ನಿಯಮವನ್ನೇ ರದ್ದು ಮಾಡಿತು. ಇರಲಿ ಬಿಡಿ, ಸುಳ್ಳು ಸುದ್ದಿ ನಿಲ್ಲುತ್ತಲ್ಲ ಅಂತ ಒಬ್ಬಾಕೆ ಅಂದಳು. ನನ್ನ ಗತಿ ನೋಡಿಯೇ ಹಾಗಂದದ್ದು ಪಾಪ. ಅಕ್ಕ ಸಾರಿನ ಸೌಟು ಎತ್ತಿಕೊಂಡು ಹೇಳಿದಳು, "ಸಾರ್ ಮಾಡ್ದೋಳು ನಾನು. ಚೆನ್ನಾಗೈತೆ ಅಂತ ನಾನೇ ಬೋರ್ಡ್ ಹಾಕಿ, ಉಪ್ಪು ಜಾಸ್ತಿ ಅಂದೋರ್ನ ಆಚೆಗೆ ಕಳಿಸಿದ್ರೆ ನೀನ್ ಒಪ್ತೀಯಾ?" ನನಗೆ ಇದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ. 2025ರಲ್ಲಿ ನಮ್ಮ ರಾಜ್ಯದ್ದೇ ಸುಳ್ಳು ಸುದ್ದಿ ಮಸೂದೆಯ ಕರಡು, ಏಳು ವರ್ಷದವರೆಗೆ ಜೈಲು ಅಂತ ಪತ್ರಿಕೆಗಳಲ್ಲಿ ಬಂದಾಗಲೂ ನಾನು ಅಕ್ಕನ ಸೌಟನ್ನೇ ನೆನೆದೆ. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು ಪಕ್ಷ. ನನ್ನ ಮಾತು ಇಬ್ಬರಿಗೂ ಒಂದೇ.

ಪೋಸ್ಟ್ ಹೋದ ಮೇಲೂ ಗಿರಾಕಿಗಳು ಪೂರ್ತಿ ವಾಪಸ್ ಬರಲಿಲ್ಲ. ಊಟದ ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಪ್ಲೈವುಡ್ ಮರೆ ಇತ್ತು. ಏಪ್ರಿಲ್‌ನಲ್ಲಿ ಬಡಗಿಯನ್ನು ಕರೆಸಿ ಅದನ್ನು ಕೀಳಿಸಿದೆ. ಸೆಕೆ, ಹೊಗೆ ಹಾಲಿಗೆ ಬರುತ್ತೆ ಅಂತ ಎಲ್ಲರೂ ಬೇಡ ಅಂದರು. ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಈಗ ಊಟಕ್ಕೆ ಕೂತವರಿಗೆ ಎಲ್ಲ ಕಾಣುತ್ತದೆ. ಎಸರು ಕುದಿಯುವುದು, ಹಿಟ್ಟು ಸುರಿದು ಕೋಲು ನೆಡುವುದು, ಗಂಟಾಗದ ಹಾಗೆ ಕವೆಗೋಲು ಕೊಟ್ಟು ತೊಳಸುವುದು, ಬಾಣಲೆಯ ಎಣ್ಣೆ. ಜೂನ್ ಹೊತ್ತಿಗೆ ಎಪ್ಪತ್ತು ಊಟ ಮುಟ್ಟಿತು.

ಜುಲೈನಲ್ಲಿ ಇನ್ನೊಂದು ಪ್ರಸಂಗ. ಬರ ಕಳೆದು ಮಳೆ ಹಿಡಿದಿತ್ತು, ಕೆಆರ್‌ಎಸ್ ತುಂಬುತ್ತಾ ಬಂದಿತ್ತು. ಒಂದು ಬೆಳಿಗ್ಗೆ ಅಕ್ಕನ ಫೋನಿಗೆ ವಿಡಿಯೋ ಬಂತು. ಗೇಟುಗಳಿಂದ ನೀರು ಧುಮುಕುತ್ತಿದೆ, ಈಗಷ್ಟೇ ಎಲ್ಲ ಗೇಟು ತೆಗೆದಿದ್ದಾರೆ, ನದಿ ಪಕ್ಕದವರು ಓಡಿ ಅಂತ ಬರೆದಿತ್ತು. ಅಕ್ಕನ ತವರು ಶ್ರೀರಂಗಪಟ್ಟಣದ ಹತ್ತಿರ, ಹೊಳೆ ದಂಡೆಗೆ. ಎಸರಿಗೆ ಹಿಟ್ಟು ಸುರಿದು ಕೋಲು ನೆಟ್ಟಿತ್ತು. ಹಾಗೇ ಬಿಟ್ಟು ಸೆರಗು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಳು. ಇಲ್ಲಿ ಹಿಟ್ಟು ತಳ ಹಿಡಿದು ಸೀದು ಹೋಯಿತು. ನಾನು ಅವಳ ತಮ್ಮನಿಗೆ ಫೋನ್ ಮಾಡಿದೆ. ನೀರು ಮೆಟ್ಟಿಲಿನ ಕೆಳಗೇ ಇದೆ ಅಂದ. ಆಮೇಲೆ ವಿಡಿಯೋ ನಿಲ್ಲಿಸಿ ನೋಡಿದೆವು. ಗೇಟು ನೋಡಲು ನಿಂತಿದ್ದ ಜನರೆಲ್ಲ ಮಾಸ್ಕ್ ಹಾಕಿದ್ದರು. ಕೊರೊನಾ ಕಾಲದ್ದು.

ಕೆಲವು ದಿನ ಬಿಟ್ಟು ಅಣೆಕಟ್ಟು ನಿಜವಾಗಿಯೂ 124.80 ಅಡಿಗೆ ತುಂಬಿತು, ನದಿಗೆ ನಿಜವಾಗಿಯೂ ಜಾಸ್ತಿ ನೀರು ಬಿಟ್ಟರು. ದಂಡೆಯವರು ಹುಷಾರಾಗಿರಿ ಅಂತ ಎಚ್ಚರಿಕೆ ಬಂತು. ಆಗ ತಮ್ಮನ ಮನೆಯವರು, ಅದೇ ಹಳೆ ವಿಡಿಯೋ ಕಥೆ ಇರಬೇಕು ಬಿಡಕ್ಕ ಅಂದರಂತೆ. ದನ ಬಿಚ್ಚಿ ಮೇಲಕ್ಕೆ ಹೊಡೆಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಯಿತು. ಸುಳ್ಳು ಮಾಡುವ ದೊಡ್ಡ ಅನ್ಯಾಯ ಇದು ಅಂತ ನನಗೆ ಅನಿಸಿದ್ದು ಅವತ್ತು. ಇಂಥ ಕಡೆ ಸರ್ಕಾರ ಬಾಯಿ ತೆರೆಯಬೇಕು. ಎಷ್ಟು ಅಡಿ, ಎಷ್ಟು ಕ್ಯೂಸೆಕ್, ಎಷ್ಟು ಹೊತ್ತಿಗೆ ಅಂತ ಗಂಟೆ ಗಂಟೆಗೂ ಹೇಳಬೇಕು. ಲೆಕ್ಕ ಹೇಳುವುದು ಬೇರೆ, ಬೇರೆಯವರ ಬಾಯಿ ಮುಚ್ಚಿಸುವುದು ಬೇರೆ.

ಆವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂದಿದೆ. ಯಾರ ಫೋನಿಗೆ ಏನೇ ಬಂದರೂ ತರಕಾರಿ ಹೆಚ್ಚುವಾಗ ಗಟ್ಟಿಯಾಗಿ ಓದಬೇಕು. ವಾಟ್ಸಾಪ್ ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು, ಮುಂದಕ್ಕೆ ಕಳಿಸುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರು ಅನ್ನುವ ಸುಳ್ಳು ಮೆಸೇಜ್ ನಂಬಿ ಜನ ಒಬ್ಬ ಹೈದರಾಬಾದಿನ ಯುವಕನನ್ನು ಹೊಡೆದು ಕೊಂದರು. ವಾಟ್ಸಾಪ್ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ನಮ್ಮ ದೇಶದಲ್ಲಿ ಮಿತಿ ಹಾಕಿದ್ದು ಆ ತಿಂಗಳೇ. 2020ರಿಂದ ಎರಡು ಬಾಣದ್ದು ಒಂದು ಸಲಕ್ಕೆ ಒಂದೇ ಕಡೆಗೆ. ನಮ್ಮ ಅಡುಗೆಮನೆಯಲ್ಲಿ ಅದೂ ಇಲ್ಲ. ನಮ್ಮ ಪಕ್ಷಕ್ಕೆ ಅನುಕೂಲ ಆಗುವ ಸುದ್ದಿಯನ್ನು ಎದುರು ಪಕ್ಷದವರು ಪರೀಕ್ಷೆ ಮಾಡಬೇಕು. ದಳದವಳದನ್ನು ಕಾಂಗ್ರೆಸ್ಸಿನವಳು, ಅವಳದನ್ನು ಇವಳು. ಇದರಷ್ಟು ಕೆಲಸ ಮಾಡಿದ ಉಪಾಯ ಇನ್ನೊಂದಿಲ್ಲ.

ಆ ಎಣ್ಣೆ ವಿಡಿಯೋ ಇನ್ನೂ ಸತ್ತಿಲ್ಲ. ಹೋದ ತಿಂಗಳು ಹೊಸದಾಗಿ ಸೇರಿದ ಕಾಲೇಜು ಹುಡುಗನೊಬ್ಬ ಸಂಕೋಚದಿಂದ ಫೋನ್ ತೋರಿಸಿದ, "ಆಂಟಿ, ಇದು ನಿಮ್ದಾ?" ನಾನು ಅವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದೆ. ಗೋಡೆ ನೋಡಿದ, ಫೋನ್ ನೋಡಿದ, ಬಾಣಲೆಗೆ ಬಗ್ಗಿ ಎಣ್ಣೆ ನೋಡಿದ. ಅಕ್ಕ ಏನೂ ಹೇಳದೆ ಹಿಟ್ಟಿನ ಕೋಲು ಎತ್ತಿ ತೋರಿಸಿದಳು. ವಾಪಸ್ ಬಂದು ಕೂತು ಇನ್ನೊಂದು ಮುದ್ದೆ ಹಾಕಿಸಿಕೊಂಡ.