ರೀಮ್ಯಾಪ್ ಆದ ಟರ್ಬೊ ಕಾರಿಗೆ ಸ್ಪಾರ್ಕ್ ಪ್ಲಗ್: ಘಾಟಿ ಹತ್ತುವವರು ಆರಿಸುವ ಬಗೆ

ರೀಮ್ಯಾಪ್ ಮಾಡಿಸಿದ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿದ) ಟರ್ಬೊ ಪೆಟ್ರೋಲ್ ಕಾರು ಶಿವಮೊಗ್ಗದ ಪೇಟೆಯೊಳಗೆ ಯಾವ ತಕರಾರೂ ಇಲ್ಲದೆ ಓಡಬಹುದು. ಅದೇ ಕಾರು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ತಿರುವು ಮುಗಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಮುಗ್ಗರಿಸಿ ಚೆಕ್ ಎಂಜಿನ್ ದೀಪ ಮಿನುಗಿಸಿದರೆ ಮೊದಲು ಪ್ಲಗ್ ನೋಡಿ. ಸ್ಕ್ಯಾನರ್‌ನಲ್ಲಿ ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಮಿಸ್ಸಿಂಗ್ ಹೊಡೆಯುವ (ಪೆಟ್ರೋಲ್ ಸರಿಯಾಗಿ ಹೊತ್ತದ) ಸಿಲಿಂಡರ್. ಪಿ0300 ಎಂದರೆ ಬೇರೆ ಬೇರೆ ಸಿಲಿಂಡರ್‌ಗಳಲ್ಲಿ ಆಗುತ್ತಿದೆ ಎಂದರ್ಥ.

ಗ್ಯಾಪ್, ಅಂದರೆ ಪ್ಲಗ್ ತುದಿಯ ನಡುಕಡ್ಡಿಗೂ ಹೊರಗಿನ ಕೊಕ್ಕೆಗೂ ನಡುವಿನ ಅಂತರ, ಸರಿಪಡಿಸಲು ಖರ್ಚಿಲ್ಲ, ಹಾಗಾಗಿ ಅಲ್ಲಿಂದ ಶುರು ಮಾಡಿ. ಬೂಸ್ಟ್ (ಟರ್ಬೊ ಒಳಗೆ ತಳ್ಳುವ ಗಾಳಿಯ ಒತ್ತಡ) ಏರಿದಷ್ಟೂ ಸಿಲಿಂಡರ್ ಒಳಗಿನ ಗಾಳಿ ಒತ್ತಾಗುತ್ತದೆ, ಅಷ್ಟೇ ಅಂತರ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಪ್ಲಗ್‌ಗೆ ವೋಲ್ಟೇಜ್ ಒದಗಿಸುವ ಕಾಯಿಲ್‌ಗೆ ಅಷ್ಟು ಕೊಡಲಾಗದಿದ್ದರೆ ಕಿಡಿ ಹಾರುವುದೇ ಇಲ್ಲ. ಕಂಪನಿಯಿಂದ ಬಂದಾಗ ಟರ್ಬೊ ಕಾರುಗಳ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಇರುತ್ತದೆ. ರೀಮ್ಯಾಪ್ ಆದ ಮೇಲೆ 0.65ಕ್ಕೆ ಇಳಿಸಿ ಘಾಟಿಯಲ್ಲಿ ಓಡಿಸಿ ನೋಡಿ. ಆಗಲೂ ಮುಗ್ಗರಿಸಿದರೆ ಇನ್ನೊಂದು 0.05 ಇಳಿಸಿ. 0.55ಕ್ಕಿಂತ ಕೆಳಗೆ ಹೋಗುವ ಅಗತ್ಯ ರಸ್ತೆ ಕಾರಿಗೆ ಬರಬಾರದು: ಕಿಡಿ ಚಿಕ್ಕದಾಗಿ ಐಡ್ಲಿಂಗ್ ಒರಟಾಗುತ್ತದೆ. ಅಷ್ಟು ಇಳಿಸಿದರೂ ಮಿಸ್ಸಿಂಗ್ ನಿಲ್ಲದಿದ್ದರೆ ತಪ್ಪು ಕಾಯಿಲ್‌ನದ್ದಿರಬಹುದು. ಮಲೆನಾಡಿನ ಮಳೆಗಾಲದಲ್ಲಿ ಪ್ಲಗ್ ಕೂರುವ ಗುಂಡಿಗೆ ನೀರು ಇಳಿದು, ಬಿರುಕುಬಿಟ್ಟ ರಬ್ಬರ್ ಬೂಟ್ ಮೂಲಕ ಕರೆಂಟ್ ಸೋರುವುದುಂಟು. ಬೂಟ್ ಒಳಗೆ ಅಥವಾ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಉದ್ದುದ್ದ ಕಪ್ಪು ಗೆರೆ ಕಂಡರೆ ಅದೇ ಗುರುತು. ಆಗ ಪ್ಲಗ್, ಬೂಟ್ ಎರಡನ್ನೂ ಬದಲಿಸಬೇಕು.

ಇನ್ನು ಹೀಟ್ ರೇಂಜ್. ಕಿಡಿ ಎಷ್ಟು ಬಿಸಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್‌ನ ತುದಿ ತನ್ನ ಬಿಸಿಯನ್ನು ಸಿಲಿಂಡರ್ ಹೆಡ್‌ಗೆ ಎಷ್ಟು ಬೇಗ ದಾಟಿಸುತ್ತದೆ ಎನ್ನುವುದಷ್ಟೇ ಇಲ್ಲಿನ ಲೆಕ್ಕ. ಒಳಗಿನ ಪಿಂಗಾಣಿ ಮೂಗು ಗಿಡ್ಡ ಇದ್ದರೆ ಬಿಸಿ ಬೇಗ ಹೋಗುತ್ತದೆ, ಅದು ಕೋಲ್ಡ್ ಪ್ಲಗ್. ಉದ್ದ ಇದ್ದರೆ ಹಾಟ್ ಪ್ಲಗ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನಾಗಿ ಉರಿದು ಹೋಗುತ್ತದೆ. 850ರ ಮೇಲೇರಿದರೆ ಕಿಡಿ ಬರುವ ಮೊದಲೇ ಆ ಕೆಂಡದಂಥ ತುದಿಯಿಂದ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಪಿಸ್ಟನ್ ತೂತಾಗಲು ಅದು ಸಾಕು.

ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿ ಹೇಳುವ ಅಂದಾಜು ಹೀಗಿದೆ: ಮೂಲ ಶಕ್ತಿಗಿಂತ ಪ್ರತಿ 75ರಿಂದ 100 ಎಚ್‌ಪಿ ಹೆಚ್ಚಿಸಿದರೆ ಒಂದು ಹೆಜ್ಜೆ ಕೋಲ್ಡ್. 230 ಎಚ್‌ಪಿಯ ಎರಡು ಲೀಟರ್ ಕಾರನ್ನು 310ಕ್ಕೆ ಒಯ್ದಿದ್ದರೆ ಒಂದು ಹೆಜ್ಜೆ ಕೋಲ್ಡ್ ಹಾಕಿ. 110 ಎಚ್‌ಪಿಯ ಒಂದು ಲೀಟರ್ ಎಂಜಿನ್ 130 ಆಗಿದ್ದರೆ ಮೂಲ ಹೀಟ್ ರೇಂಜೇ ಸಾಕು, ಗ್ಯಾಪ್ ಮಾತ್ರ ಬಿಗಿ ಮಾಡಿ. ಎರಡರ ನಡುವೆ ಇದ್ದೀರಾ? ಆಗ ನಿಮ್ಮ ದಾರಿ ನೋಡಿ ತೀರ್ಮಾನಿಸಿ. ಆಗುಂಬೆ, ಹುಲಿಕಲ್, ಚಾರ್ಮಾಡಿ ಘಾಟಿಗಳನ್ನು ಪದೇಪದೇ ಹತ್ತುವ ಕಾರಿನಲ್ಲಿ ವೇಗ ಕಡಿಮೆ, ಬೂಸ್ಟ್ ಹೆಚ್ಚು, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ತಾಗುವ ಗಾಳಿ ಸಾಲದು. ಅದಕ್ಕೆ ಕೋಲ್ಡ್ ಒಳ್ಳೆಯದು. ದುರ್ಗಿಗುಡಿಯಿಂದ ಗೋಪಿ ಸರ್ಕಲ್‌ಗೆ ಓಡಾಡಿಯೇ ದಿನ ಕಳೆಯುವ ಕಾರಿಗೆ ಎರಡು ಹೆಜ್ಜೆ ಕೋಲ್ಡ್ ಹಾಕಿದರೆ ತುದಿ ಸಾಕಷ್ಟು ಕಾಯದೆ ಮಸಿ ಹಿಡಿದು, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಎಂಜಿನ್ ನಾಕ್ ಆಗುತ್ತಿದ್ದರೆ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಸಿಡಿದು ಟಕಟಕ ಸದ್ದು ಬರುತ್ತಿದ್ದರೆ) ಕೋಲ್ಡ್ ಪ್ಲಗ್ ಅದಕ್ಕೆ ಮದ್ದಲ್ಲ. 95 ಆಕ್ಟೇನ್‌ಗೆ (ಆಕ್ಟೇನ್ ಎಂದರೆ ಪೆಟ್ರೋಲ್ ನಾಕ್ ತಡೆಯುವ ಶಕ್ತಿಯ ಅಳತೆ) ಟ್ಯೂನ್ ಮಾಡಿಸಿದ ಕಾರಿಗೆ ಕಡಿಮೆ ಆಕ್ಟೇನ್ ಪೆಟ್ರೋಲ್ ಬಿದ್ದರೆ ನಾಕ್ ಆಗಿಯೇ ಆಗುತ್ತದೆ. ಘಾಟಿಗೆ ಹೊರಡುವ ಮೊದಲೇ ಸರಿಯಾದ ಪೆಟ್ರೋಲ್ ತುಂಬಿಸಿಕೊಳ್ಳಿ, ಸಿಗದಿದ್ದರೆ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ.

ಅಂಗಡಿಯಲ್ಲಿ ನಂಬರ್ ಓದುವಾಗ ಎಚ್ಚರ. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಏರಿದಷ್ಟೂ ಕೋಲ್ಡ್. ಬಾಷ್‌ನಲ್ಲಿ ಅಂಕಿ ಇಳಿದಷ್ಟೂ ಕೋಲ್ಡ್. ಎನ್‌ಜಿಕೆ 6, 7, 8ಕ್ಕೆ ಡೆನ್ಸೊದ 20, 22, 24 ಹೆಚ್ಚುಕಡಿಮೆ ಸಮ. ‘ಬಿಕೆಆರ್7ಇ’ ಎಂದರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ, ಒಳಗೆ ರೆಸಿಸ್ಟರ್, ಹೀಟ್ ರೇಂಜ್ 7, ಥ್ರೆಡ್‌ನ ಉದ್ದ 19 ಮಿ.ಮೀ. ಹೀಟ್ ರೇಂಜ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮ ಮೂಲ ಪ್ಲಗ್‌ಗೆ ತಾಳೆಯಾಗಬೇಕು. ಉದ್ದ ಹೆಚ್ಚಾದರೆ ಪಿಸ್ಟನ್‌ಗೆ ತಾಗಬಹುದು.

ಇರಿಡಿಯಂ ಪ್ಲಗ್‌ನ ನಡುಕಡ್ಡಿ ಸಣ್ಣದಾದ್ದರಿಂದ ಕಿಡಿಗೆ ಕಡಿಮೆ ವೋಲ್ಟೇಜ್ ಸಾಕು, ಬಾಳಿಕೆಯೂ ಹೆಚ್ಚು. ಟರ್ಬೊಗೆ ನಮ್ಮ ಮೊದಲ ಆಯ್ಕೆ ಅದೇ. ನಿಕಲ್ ಪ್ಲಗ್ ಅಗ್ಗ, ಆದರೆ ಸವೆದಂತೆ ಗ್ಯಾಪ್ ಅಗಲವಾಗುತ್ತದೆ, 15 ಸಾವಿರ ಕಿ.ಮೀ.ಗೆ ಬದಲಿಸಬೇಕು. ಇರಿಡಿಯಂ ಗ್ಯಾಪ್ ಹೊಂದಿಸುವಾಗ ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಿ. ನಡುಕಡ್ಡಿಗೆ ಗೇಜ್ ಒತ್ತಿ ಮೀಟಿದರೆ ಅದು ಮುರಿದೇ ಹೋಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸಕ್ಕೆ ಕೈ ಹಾಕಿ. ಕಾಯಿಲ್ ತೆಗೆದು ಗುಂಡಿಗೆ ಗಾಳಿ ಹೊಡೆಯಿರಿ. ಇಲ್ಲವಾದರೆ ಪ್ಲಗ್ ಬಿಚ್ಚಿದ ತಕ್ಷಣ ಮಣ್ಣು, ನೀರು ಸಿಲಿಂಡರ್‌ಗೆ ಬೀಳುತ್ತವೆ. ಹೊಸದನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಅಲ್ಯೂಮಿನಿಯಂ ಹೆಡ್‌ನಲ್ಲಿ 14 ಮಿ.ಮೀ. ಥ್ರೆಡ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20 ಟಾರ್ಕ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿಸಿ. ನಿಮ್ಮ ಕಾರಿನ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ. ಅಷ್ಟೇ ಟಾರ್ಕ್‌ಗೆ ಪ್ಲಗ್ ಅತಿಯಾಗಿ ಬಿಗಿದುಕೊಂಡು ಹೆಡ್‌ನ ಥ್ರೆಡ್ ಕಿತ್ತು ಬರಬಹುದು.

ಕೆಲವು ನೂರು ಕಿ.ಮೀ. ಓಡಿಸಿ, ಒಂದೆರಡು ಸಲ ಘಾಟಿ ಹತ್ತಿಸಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರ್‌ನದ್ದೆಂದು ಸಾಲಾಗಿಟ್ಟು ನೋಡಿ. ತಿಳಿ ಕಂದು ಬಣ್ಣವಿದ್ದರೆ ಆಯ್ಕೆ ಸರಿ. ಒಣ ಮಸಿ ಇದ್ದರೆ ಪ್ಲಗ್ ಅತಿ ಕೋಲ್ಡ್ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯಂಟಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಇನ್ನೊಂದು ಹೆಜ್ಜೆ ಕೋಲ್ಡ್ ಬೇಕು. ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂತೆ ಕಪ್ಪು ಅಥವಾ ಹೊಳೆಯುವ ಚುಕ್ಕಿಗಳಿದ್ದರೆ ಎಂಜಿನ್ ನಾಕ್ ಆಗಿದೆ. ಹೊಳೆಯುವವು ಪಿಸ್ಟನ್‌ನಿಂದ ಎದ್ದ ಅಲ್ಯೂಮಿನಿಯಂ. ಅಂಥ ಕಾರನ್ನು ಬೂಸ್ಟ್‌ಗೆ ಹೋಗಲು ಬಿಡದೆ ನಿಧಾನವಾಗಿ ಟ್ಯೂನರ್ ಹತ್ತಿರ ಒಯ್ದು, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತರಿಸಿ (ಕಿಡಿ ತುಸು ತಡವಾಗಿ ಹಾರುವಂತೆ ಮಾಡಿಸಿ).