ಬಿಲ್ಲಿನಲ್ಲಿ ಹೆಸರು ಬರಬಾರದು: ಕಂಪನಿಯಲ್ಲಿ ಕೌನ್ಸೆಲಿಂಗ್ ಸೇವೆ ಶುರು ಮಾಡುವುದು ಹೇಗೆ?

ಹಿಂದೆ ನಾನು ಎಚ್‌ಆರ್‌ನಲ್ಲಿದ್ದ ಒಂದು ಕಡೆ ಕೌನ್ಸೆಲಿಂಗ್ ಸಂಸ್ಥೆಯ ತಿಂಗಳ ಬಿಲ್ ಬಂತು. ಯಾರು, ಯಾವ ದಿನ, ಎಷ್ಟು ಹೊತ್ತು ಮಾತಾಡಿದರು ಅಂತ ಹೆಸರು ಸಮೇತ ಬರೆದಿತ್ತು. ಅದು ಅಕೌಂಟ್ಸ್ ಮೇಜಿನ ಮೇಲೆ ಅರ್ಧ ದಿನ ಹಾಗೇ ಬಿದ್ದಿತ್ತು. ಮುಂದಿನ ತಿಂಗಳು ಒಬ್ಬರೂ ಕರೆ ಮಾಡಲಿಲ್ಲ. ನನಗೆ ಇವತ್ತಿಗೂ ಆ ಬಿಲ್ ಕಣ್ಣಿಗೆ ಕಟ್ಟಿದ ಹಾಗಿದೆ.

ಈ ಸೇವೆಗೆ ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ, ಅಂದರೆ ಇಎಪಿ ಎನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಕಂಪನಿಗಳು ಕುಡಿತಕ್ಕೆ ಬಿದ್ದ ಕೆಲಸಗಾರರಿಗೆ ನೆರವಾಗಲು ಹೊರಟದ್ದು ಇದರ ಬೇರು. ಈಗ ಸಾಲ, ಮನೆ ಜಗಳ, ನಿದ್ದೆ ಬಾರದಿರುವುದು, ಎಲ್ಲಕ್ಕೂ ಕೌನ್ಸೆಲರ್ ಜೊತೆ ಮಾತಾಡಬಹುದು. ಖರ್ಚು ಕಂಪನಿಯದು. ಎಷ್ಟೋ ಕಡೆ ಮನೆಯವರಿಗೂ ಈ ಸೌಲಭ್ಯ ಇರುತ್ತದೆ.

ಮೊದಲ ಹೆಜ್ಜೆ, ಯಾರ ಕೈಗೆ ಕೊಡುವುದು ಎಂಬುದು. ಕಂಪನಿಯೊಳಗೇ ಕೌನ್ಸೆಲರ್ ಇಡಬಹುದು. ಆದರೆ ಆ ರೂಮಿಗೆ ಹೋಗುವುದನ್ನು ಯಾರಾದರೂ ನೋಡಿದರೆ? ಅದಕ್ಕೇ ನಾನು ಹೊರಗಿನ ಸಂಸ್ಥೆಯ ಕಡೆಗೇ ಒಲವು ತೋರುತ್ತೇನೆ. ಕೌನ್ಸೆಲರ್‌ಗಳ ಓದು ಏನು, ಕನ್ನಡ ಬರುತ್ತದಾ, ರಾತ್ರಿ ಪಾಳಿಯವರ ಕರೆ ತೆಗೆದುಕೊಳ್ಳುತ್ತಾರಾ ಎಂದು ಕೇಳಿ. ದೊಡ್ಡ ಫ್ಯಾಕ್ಟರಿಯಲ್ಲಿ ಕಾನೂನಿನಂತೆ ಕೆಲಸಗಾರರ ಯೋಗಕ್ಷೇಮ ನೋಡಿಕೊಳ್ಳುವ ವೆಲ್‌ಫೇರ್ ಆಫೀಸರ್ ಇರುತ್ತಾರಲ್ಲ, ಅವರನ್ನೇ ಕೌನ್ಸೆಲರ್ ಮಾಡಿ ಕೂರಿಸಬೇಡಿ.

ಆಮೇಲೆ ದುಡ್ಡಿನ ಮಾತು. ಹೆಚ್ಚು ಚಾಲ್ತಿಯಲ್ಲಿರುವುದು ತಲಾ ಲೆಕ್ಕ. ಲೆಕ್ಕಕ್ಕೆ ಸುಲಭವಾಗಲಿ ಅಂತ, 400 ಜನ, ತಲೆಗೆ ವರ್ಷಕ್ಕೆ 300 ರೂಪಾಯಿ ಅಂದುಕೊಳ್ಳಿ. 1,20,000 ಆಯಿತು. ಶೇ 18 ಜಿಎಸ್‌ಟಿ ಸೇರಿದರೆ 1,41,600. ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಯಾರು ಬಂದರು ಅಂತ ಬಿಲ್‌ನಲ್ಲಿ ತೋರಿಸುವ ಅಗತ್ಯವೇ ಬರುವುದಿಲ್ಲ. ಇದೇ ಇದರ ದೊಡ್ಡ ಲಾಭ. ಆದರೆ ಕಡಿಮೆ ಜನ ಬಂದಷ್ಟೂ ಸಂಸ್ಥೆಗೆ ಉಳಿತಾಯ ಜಾಸ್ತಿ ಅಲ್ವಾ? ಹಾಗಾಗಿ ವರ್ಷಕ್ಕೆ ಎಷ್ಟು ಸಲ ಶಾಪ್ ಫ್ಲೋರ್‌ಗೆ, ಅಂದರೆ ಕೆಲಸ ನಡೆಯುವ ಜಾಗಕ್ಕೇ ಬಂದು ಈ ಸೇವೆಯ ಬಗ್ಗೆ ತಿಳಿಸಿ ಹೇಳಬೇಕು ಎಂದು ಕರಾರಿನಲ್ಲೇ ಬರೆಸಿ.

ಇನ್ನೊಂದು, ಬಳಸಿದಷ್ಟಕ್ಕೆ ಕೊಡುವುದು. ಚಿಕ್ಕ ಕಂಪನಿಗೆ ಅಗ್ಗ ಬೀಳುತ್ತದೆ. ಆದರೆ ಕರೆಗಳು ಹೆಚ್ಚಿದರೆ ಮ್ಯಾನೇಜರ್ ಮುಖ ಸಣ್ಣದಾಗುತ್ತದೆ, ಬಿಲ್‌ಗೆ ವಿವರ ಕೇಳುತ್ತಾರೆ. ಈ ದಾರಿ ಹಿಡಿದರೆ ಹೆಸರಿನ ಬದಲು ಸಂಸ್ಥೆಯವರೇ ಕೊಟ್ಟ ಕೋಡ್ ಇರಲಿ. ಎಂಪ್ಲಾಯೀ ನಂಬರ್ ಮಾತ್ರ ಬೇಡ. ಯಾವ ಪದ್ಧತಿಯಾದರೂ ಸಂಬಳದಿಂದ ಒಂದು ರೂಪಾಯಿಯೂ ಹಿಡಿಯಬೇಡಿ.

ಒಬ್ಬರಿಗೆ ಎಷ್ಟು ಸಲ ಉಚಿತ ಎಂಬುದಕ್ಕೆ ಮಿತಿ ಇರುತ್ತದೆ. ಅದು ಮುಗಿದ ಮೇಲೆ ಏನು ಎಂದು ಈಗಲೇ ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆಯಲ್ಲಿ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಷ್ಟೇ ಜಾಗ ಸಿಗಬೇಕು. ನಿಮ್ಮ ಕಂಪನಿಯ ಗ್ರೂಪ್ ವಿಮೆ ಪಾಲಿಸಿಯಲ್ಲಿ ಒಪಿಡಿ, ಅಂದರೆ ಆಸ್ಪತ್ರೆಗೆ ದಾಖಲಾಗದೆ ಡಾಕ್ಟರಿಗೆ ತೋರಿಸಿದ ಖರ್ಚು ಸೇರಿದೆಯಾ ನೋಡಿಕೊಳ್ಳಿ.

ಸಂಸ್ಥೆಯವರು ಕಂಪನಿಗೆ ಕೊಡುವ ವರದಿ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಒಟ್ಟು ಸಂಖ್ಯೆ ಸಾಕು. ಸ್ಟೋರ್ಸ್ ವಿಭಾಗದಲ್ಲಿ ಮೂವರೇ ಇದ್ದು, ವರದಿಯಲ್ಲಿ ‘ಸ್ಟೋರ್ಸ್: 1, ಕುಡಿತ’ ಎಂದಿದ್ದರೆ ಹೆಸರು ಹೇಳಿದ ಹಾಗೇ ಆಯಿತು. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಗುಟ್ಟು ಬಿಡಬೇಕಾಗುತ್ತದೆ. ಅದನ್ನೂ ಜನರಿಗೆ ಮೊದಲೇ ಹೇಳಿಬಿಡಿ.

ಕೊನೆಗೆ, ನಂಬರ್ ಎಲ್ಲಿ ಅಂಟಿಸುವುದು? ನೋಟಿಸ್ ಬೋರ್ಡ್ ಮುಂದೆ ನಿಂತು ಬರೆದುಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ. ಟಾಯ್ಲೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಪೇ ಸ್ಲಿಪ್‌ನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಹಾಕಿಸಿ.

ಹತ್ತಿಪ್ಪತ್ತು ಜನರ ವರ್ಕ್‌ಶಾಪ್‌ಗೆ ಇಷ್ಟೆಲ್ಲ ದುಡ್ಡು ಎಲ್ಲಿಂದ ಬರಬೇಕು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಉಚಿತ. ಆ ನಂಬರನ್ನೇ ಇವತ್ತು ಅದೇ ಬಾಗಿಲಿನ ಒಳಗೆ ಅಂಟಿಸಿ.