ಬಸ್ಸಿನ ಜಗಳ ಮತ್ತು ಇನ್ನೂರು ಪುಟದ ನೋಟ್‌ಬುಕ್

ಶಿರಸಿ, ಸಿದ್ದಾಪುರದ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ತಂಡ ಕಟ್ಟುವವರು ಮೊದಲು ಹುಡುಕುವುದು ಎತ್ತರದ ಸ್ಮ್ಯಾಶರ್‌ನನ್ನು. ಕಾಲೇಜು ಹುಡುಗರಿಗೆ ಕೋಚ್ ಆದ ವರ್ಷ ನಾನೂ ಅದನ್ನೇ ಮಾಡಿದೆ. ಸಿಕ್ಕ ಹುಡುಗ ಗಟ್ಟಿಗನೇ, ಆದರೂ ಸೆಮಿಫೈನಲ್ ದಾಟಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪ್ರತಿ ಸಲ ಒಂದೇ ಜಗಳ: ಹೊಡೆಯಲು ಎತ್ತಿಕೊಟ್ಟ ಬಾಲ್, ಅಂದರೆ ಲಿಫ್ಟ್, ಸರಿ ಇರಲಿಲ್ಲ ಅಂತ ಸ್ಮ್ಯಾಶರ್; ಎದುರಾಳಿಯ ಸರ್ವೀಸ್ ಎತ್ತಿ ತನಗೆ ಕೊಡಬೇಕಾದ ಪಾಸೇ ಬರಲಿಲ್ಲ ಅಂತ ಲಿಫ್ಟರ್.

ಜಗಳ ತೀರಿಸಲಿಕ್ಕೆಂದೇ ಇನ್ನೂರು ಪುಟದ ನೋಟ್‌ಬುಕ್ ತಂದು, ಬೆಂಚಿನ ಹುಡುಗನೊಬ್ಬನಿಂದ ಎಲ್ಲ ಬರೆಸತೊಡಗಿದೆ. ಮೊದಲೇ ಎಡವಿದೆ. ಗೆದ್ದ ಸೆಟ್ಟಿನಲ್ಲೇ ನಮ್ಮ ಸರ್ವೀಸ್ ತಪ್ಪು ಜಾಸ್ತಿ ಕಾಣುತ್ತಿತ್ತು! ಆಮೇಲೆ ಹೊಳೆಯಿತು: ಪಾಯಿಂಟ್ ಗೆದ್ದವರಿಗೇ ಸರ್ವೀಸ್. 25-15ರ ಸೆಟ್ಟಿನಲ್ಲಿ ಗೆದ್ದವರು 24 ಅಥವಾ 25 ಸಲ ಸರ್ವೀಸ್ ಹೊಡೆದಿರುತ್ತಾರೆ, ಸೋತವರು 15 ಅಥವಾ 16 ಸಲ. 24ರಲ್ಲಿ 4 ತಪ್ಪಿಗಿಂತ 15ರಲ್ಲಿ 3 ತಪ್ಪೇ ದುಬಾರಿ. ಬರೀ ಎಣಿಕೆ ಸಾಲದು, ಎಷ್ಟಕ್ಕೆ ಎಷ್ಟು ಅನ್ನುವುದು ಬೇಕು.

ಹೊಡೆತಕ್ಕೂ ಹಾಗೇ ಮಾಡಿದೆ. ಪಾಯಿಂಟ್ ತಂದವುಗಳಿಂದ ಹೊರಹೋದವು, ನೆಟ್ಟಿಗೆ ಬಿದ್ದವು, ಬ್ಲಾಕ್ ಆದವು ಕಳೆದು ಒಟ್ಟು ಹೊಡೆತದಿಂದ ಭಾಗಿಸುವುದು. 30 ಹೊಡೆತ, 14 ಪಾಯಿಂಟ್, 8 ನಷ್ಟ ಎಂದರೆ 0.20. ಗೆದ್ದ ಸೆಟ್ಟು, ಸೋತ ಸೆಟ್ಟು ಅಂತ ಎದ್ದು ಕಾಣುವಂತೆ ಬೇರ್ಪಡಿಸಿದ್ದು ಈ ಲೆಕ್ಕವೇ. ಹಾಗಾದರೆ ಸ್ಮ್ಯಾಶರ್ ಹಿಂದೆ ಬಿದ್ದದ್ದು ಸರಿಯೇ ಆಯಿತಲ್ಲ ಎಂದು ಒಂದು ವಾರ ಬೀಗಿದೆ.

ಆಮೇಲೆ ಪ್ರತಿ ಹೊಡೆತದ ಪಕ್ಕದಲ್ಲಿ ಅದಕ್ಕೆ ಮೊದಲು ಬಂದ ಪಾಸಿನ ಅಂಕ ಬರೆಸಿದೆ. ಲಿಫ್ಟರ್ ನಿಂತಲ್ಲೇ ಸಿಕ್ಕರೆ 3, ಎರಡು ಹೆಜ್ಜೆ ಸರಿದರೆ 2, ಓಡಿಹೋಗಿ ಹೇಗೋ ಎತ್ತಿದರೆ 1, ಪಾಯಿಂಟೇ ಹೋದರೆ 0. ನೋಡಿದರೆ ನಮ್ಮ ಸ್ಮ್ಯಾಶರ್ ಇಬ್ಬರು ಹುಡುಗರಾಗಿದ್ದ. 3ರ ಮೇಲೆ ಎದುರಿಗೆ ಒಬ್ಬನೇ ಬ್ಲಾಕರ್, ಇವನು ಹುಲಿ. 1ರ ಮೇಲೆ ಬಾಲ್ ಎಲ್ಲಿಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತು, ಇಬ್ಬರು ಕೈ ಎತ್ತಿ ಕಾಯುತ್ತಿರುತ್ತಾರೆ.

ಸರಿ, ತಿಂಗಳಿಡೀ ಪಾಸ್ ಅಭ್ಯಾಸ. ಜೊತೆಗೊಂದು ದಡ್ಡತನವನ್ನೂ ಮಾಡಿದೆ. ಹಳೆಯ ಪದ್ಧತಿಯಲ್ಲಿ ಸರ್ವೀಸ್ ತಪ್ಪಿದರೆ ಸರ್ವೀಸ್ ಮಾತ್ರ ಕೈಬಿಡುತ್ತಿತ್ತು, ರ‍್ಯಾಲಿ ಪಾಯಿಂಟ್ ಬಂದ ಮೇಲೆ ಎದುರಾಳಿಗೆ ನೇರ ಪಾಯಿಂಟ್. ಆ ಹೆದರಿಕೆಗೆ 'ಸುಮ್ಮನೆ ದಾಟಿಸಿ ಸಾಕು' ಎಂದೆ. ಹುಡುಗರು ದಾಟಿಸಿದರು. ಎದುರಿನವರು ಮಲಗಿಕೊಂಡು 3ರ ಪಾಸ್ ಕೊಟ್ಟು ಸೆಂಟರ್‌ನಲ್ಲಿ ಹೊಡೆದರು. ಅಂದಿನಿಂದ ನಮ್ಮ ಸರ್ವೀಸಿಗೂ ಅಂಕ ಹಾಕುವುದು ಎದುರಾಳಿಯ ಪಾಸ್ ನೋಡಿಯೇ. ಇಬ್ಬರ ನಡುವೆ, ಬೇಸ್ ಲೈನ್ ಹತ್ತಿರ ಬೀಳುವ ಸರ್ವೀಸಿಗಾಗಿ ನಾಲ್ಕು ತಪ್ಪಾದರೂ ಈಗ ಬೈಯುವುದಿಲ್ಲ.

ಬ್ಲಾಕ್ ವಿಷಯ ಇನ್ನೂ ಬಗೆಹರಿದಿಲ್ಲ. ಕೈಗೆ ತಟ್ಟಿ ಮೆತ್ತಗೆ ಹಿಂದಕ್ಕೆ ಬರುವ ಬಾಲನ್ನು ಯಾವ ಕಾಲಮ್ಮಿಗೆ ಹಾಕುವುದು?

ಪಂದ್ಯ ಮುಗಿದೊಡನೆ ಸ್ಮ್ಯಾಶರ್ ಈಗ ನೋಟ್‌ಬುಕ್ ಕಸಿದುಕೊಳ್ಳುತ್ತಾನೆ. ತನ್ನ ಹೊಡೆತದ ಪಕ್ಕ 1 ಕಂಡರೆ ಪಾಸ್ ಕೊಟ್ಟವನ ಸೀಟಿನ ಕಡೆ ತಿರುಗುತ್ತಾನೆ. ಬಸ್ಸಿನ ಜಗಳ ನಿಂತಿಲ್ಲ, ಲಿಫ್ಟರ್ ಮಾತ್ರ ಪಾರಾಗಿದ್ದಾನೆ.